ವಿಷ ಹುಟ್ಟಿದ್ದು ಪಾತ್ರೆಯಲ್ಲೋ, ಹೊಟ್ಟೆಯಲ್ಲೋ?

ಮಳೆ ಬಿದ್ದು ಗಟಾರಗಳು ತುಂಬಿ ಹರಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಜಿಲ್ಲಾ ಪುಟಗಳಲ್ಲಿ ವಾಂತಿ-ಭೇದಿಯ ಸುದ್ದಿ ಶುರುವಾಗುತ್ತದೆ. ಶಾಲೆಯಲ್ಲೋ ಸಮುದಾಯ ಭವನದಲ್ಲೋ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ತೆರೆದ ಚಿತ್ರ ಇರುತ್ತದೆ. ಊರಿನವರು ‘ನಳದ ನೀರೇ ಕಾರಣ’ ಎನ್ನುತ್ತಾರೆ. ಅಧಿಕಾರಿಗಳು ‘ನೀರಿನ ಮಾದರಿ ಕುಡಿಯಲು ಯೋಗ್ಯ ಎಂದು ವರದಿ ಬಂದಿದೆ’ ಎನ್ನುತ್ತಾರೆ. ಎರಡು ದಿನ ಬಿಟ್ಟು ‘ಇದು ಕಾಲರಾ ಅಲ್ಲ’ ಎಂಬ ಇನ್ನೊಂದು ಸುದ್ದಿ. ಬೇಸಿಗೆಯ ಜಾತ್ರೆ, ಮದುವೆಗಳ ಹೊತ್ತಿನಲ್ಲಾದರೆ ಸುದ್ದಿ ಬೇರೆ ರೀತಿಯದು. ಊಟ ಮುಗಿಸಿದ ಎರಡು-ಮೂರು ತಾಸಿನಲ್ಲೇ ಹತ್ತಾರು ಜನ ಆಸ್ಪತ್ರೆಗೆ.

ಓದುವವರಿಗೆ ಗೊಂದಲ ಆಗುವುದು ಸಹಜ. ನೀರು ಸರಿ ಇದ್ದರೆ ಜನ ಯಾಕೆ ಬಿದ್ದರು? ಕಾಲರಾ ಅಲ್ಲ ಅಂದರೆ ಹೆದರಬೇಕಾಗಿಲ್ಲವೇ? ಕುದಿಸಿದ ಊಟ ಉಂಡವರಿಗೂ ವಾಂತಿ ಆಗಿದ್ದು ಹೇಗೆ? ಇವೆಲ್ಲ ಬೇರೆ ಬೇರೆ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಉತ್ತರ ಹುಡುಕುತ್ತ ಹೋದರೆ ಎಲ್ಲವೂ ಒಂದೇ ಕಡೆ ಬಂದು ನಿಲ್ಲುತ್ತವೆ. ರೋಗಾಣು ಯಾವುದು ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಅದರ ವಿಷ ಎಲ್ಲಿ ತಯಾರಾಯಿತು ಎಂದು. ಉಣ್ಣುವ ಮೊದಲೇ ಪಾತ್ರೆಯಲ್ಲೋ, ಉಂಡ ಮೇಲೆ ಹೊಟ್ಟೆಯಲ್ಲೋ?

ರೋಗಾಣು ಬೇರೆ, ಅದರ ವಿಷ ಬೇರೆ

ಬ್ಯಾಕ್ಟೀರಿಯಾ ಅಂದರೆ ಜೀವ ಇರುವ ಕಣ. ಅದು ಬೆಳೆಯುತ್ತದೆ, ಒಂದು ಎರಡಾಗುತ್ತದೆ, ಬಿಸಿ ತಾಗಿದರೆ ಸಾಯುತ್ತದೆ. ಅದು ಹೊರಗೆ ಬಿಡುವ ವಿಷಕ್ಕೆ, ಅಂದರೆ ಟಾಕ್ಸಿನ್‌ಗೆ, ಜೀವ ಇಲ್ಲ. ಬಹುತೇಕ ಅದೊಂದು ಪ್ರೋಟೀನು. ಜೀವ ಇಲ್ಲದ್ದನ್ನು ಕೊಲ್ಲುವ ಪ್ರಶ್ನೆಯೇ ಬರುವುದಿಲ್ಲ. ಬಿಸಿಗೆ ಅದು ಕೆಡುತ್ತದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಕೆಲವು ವಿಷ ಕೆಡುತ್ತವೆ, ಕೆಲವು ಎಷ್ಟು ಕುದಿಸಿದರೂ ಹಾಗೆಯೇ ಉಳಿಯುತ್ತವೆ.

ಭೇದಿಗೆ ಎಲ್ಲ ಸಲ ಬ್ಯಾಕ್ಟೀರಿಯಾದ ವಿಷವೇ ಕಾರಣ ಅಲ್ಲ. ಚಿಕ್ಕ ಮಕ್ಕಳಲ್ಲಿ ರೋಟಾದಂಥ ವೈರಸ್‌ಗಳೂ ಕಾರಣವಾಗುತ್ತವೆ. ಆದರೆ ಒಂದೇ ದಿನ ಊರಿಗೆ ಊರೇ ಮಲಗಿತು, ಒಂದೇ ಪಂಕ್ತಿಯಲ್ಲಿ ಕೂತವರೆಲ್ಲ ಬಿದ್ದರು ಎಂಬ ಸುದ್ದಿ ಬಂದಾಗ ಮೊದಲು ಅನುಮಾನ ಪಡಬೇಕಾದವುಗಳಲ್ಲಿ ಈ ವಿಷಗಳೂ ಇವೆ.

ಪಾತ್ರೆಯಲ್ಲೇ ತಯಾರಾದ ವಿಷ

ದೊಡ್ಡ ಊಟದ ಅಡುಗೆ ಹೇಗೆ ನಡೆಯುತ್ತದೆ ನೋಡಿ. ನಸುಕಿನಲ್ಲಿ ಒಲೆ ಹೊತ್ತಿಸುತ್ತಾರೆ. ಹಂಡೆಗಟ್ಟಲೆ ಅನ್ನ ಬೇಯುತ್ತದೆ. ಎಂಟು ಗಂಟೆಗೆ ಇಳಿಸಿದ ಅನ್ನ ಮಧ್ಯಾಹ್ನ ಎರಡರವರೆಗೆ ಚಾಪೆಯ ಮೇಲೋ, ದೊಡ್ಡ ಪಾತ್ರೆಯಲ್ಲಿ ಮುಚ್ಚಿಯೋ ಇರುತ್ತದೆ. ಬೇಸಿಗೆಯ ಗದಗದಲ್ಲಿ ಆ ಹೊತ್ತಿಗೆ ಹೊರಗಿನ ಬಿಸಿಲೇ 38-40 ಡಿಗ್ರಿ. ಅನ್ನ ಆರುವುದೂ ಇಲ್ಲ, ಕೈ ಸುಡುವಷ್ಟು ಬಿಸಿಯಾಗಿಯೂ ಉಳಿಯುವುದಿಲ್ಲ. ಆ ಬೆಚ್ಚನೆಯ ನಡುಸ್ಥಿತಿ ಬ್ಯಾಕ್ಟೀರಿಯಾಗಳಿಗೆ ಬಹಳ ಒಗ್ಗುತ್ತದೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಮಾನ್ಯ. ಹೊಲದ ಮಣ್ಣಿನಿಂದಲೇ ಬರುತ್ತವೆ. ಅನ್ನ ಕುದಿಯುವಾಗ ಮಾಮೂಲಿ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿ ಕವಚದ ಬೀಜಾಣುಗಳು ಬದುಕುತ್ತವೆ. ಅನ್ನ ಬೆಚ್ಚಗಾದಾಗ ಅವು ಮೊಳೆತು, ಬೆಳೆದು, ಸೆರ್ಯುಲೈಡ್ ಎಂಬ ವಿಷ ಬಿಡುತ್ತವೆ. ಇದು ಬಹಳ ಹಟಮಾರಿ ವಿಷ. ಕುಕ್ಕರಿನ ಬಿಸಿಗೂ ಜಗ್ಗುವುದಿಲ್ಲ. ರಾತ್ರಿಯೆಲ್ಲ ಹೊರಗೇ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ, ಚೆನ್ನಾಗಿ ಹುರಿದು, ಹೊಗೆಯಾಡುತ್ತ ಬಡಿಸಿದರೂ ಅದು ಹೋಗಿರುವುದಿಲ್ಲ. ರುಚಿಯಲ್ಲೂ ವಾಸನೆಯಲ್ಲೂ ಗೊತ್ತಾಗದೇ ಇರಬಹುದು.

ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ದಾರಿ ಬೇರೆ. ಅದು ಮನುಷ್ಯರ ಮೂಗಿನಲ್ಲಿ, ಚರ್ಮದ ಮೇಲೆ, ಕೀವು ತುಂಬಿದ ಗಾಯದಲ್ಲಿ ಇರುತ್ತದೆ. ಬೆರಳಿಗೆ ಗಾಯ ಆದವರು ಖೋವಾ ನಾದಿದರೆ, ಬೇಯಿಸಿದ ಆಲೂಗಡ್ಡೆ ಸುಲಿದರೆ, ಅಲ್ಲಿಂದ ಅಡುಗೆಗೆ ದಾಟುತ್ತದೆ. ಆಮೇಲೆ ಆ ತಿನಿಸು ಕೆಲವು ತಾಸು ಹೊರಗಿದ್ದರೆ ಸಾಕು. ಇದರ ವಿಷವೂ ಕುದಿತಕ್ಕೆ ಕೆಡುವುದಿಲ್ಲ. ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ.

ಹೀಗೆ ಮೊದಲೇ ತಯಾರಾದ ವಿಷ ತಿಂದಾಗ ದೇಹಕ್ಕೆ ಕಾಯುವ ಕೆಲಸವೇ ಇಲ್ಲ. ವಿಷ ಹೊಟ್ಟೆಯ ನರಗಳನ್ನು ಕೆಣಕುತ್ತದೆ, ಅಲ್ಲಿಂದ ಮಿದುಳಿನ ವಾಂತಿ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಅದಕ್ಕೇ ಒಂದರಿಂದ ಆರು ತಾಸಿನೊಳಗೆ ವಾಂತಿ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಿನವರು ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಇಂಥ ಕಾಯಿಲೆ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಆ್ಯಂಟಿಬಯಾಟಿಕ್ ಕೊಟ್ಟು ಪ್ರಯೋಜನವೂ ಇಲ್ಲ, ಯಾಕಂದರೆ ತೊಂದರೆ ಕೊಡುತ್ತಿರುವುದು ಜೀವ ಇಲ್ಲದ ವಿಷ, ಅದನ್ನು ಕೊಲ್ಲಲಾಗದು.

ಪಾತ್ರೆಗೂ ಹೊಟ್ಟೆಗೂ ನಡುವೆ ನಿಲ್ಲುವ ಒಂದು ಬ್ಯಾಕ್ಟೀರಿಯಾ ಇದೆ. ಅದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ದೊಡ್ಡ ಪಾತ್ರೆಯ ಮಾಂಸದ ಸಾರು, ದಪ್ಪನೆಯ ಬೇಳೆ ನಿಧಾನಕ್ಕೆ ಆರುವಾಗ ತಳದಲ್ಲಿ ಗಾಳಿ ಆಡದ ಜಾಗದಲ್ಲಿ ಬೆಳೆಯುತ್ತದೆ. ಆದರೆ ವಿಷ ಬಿಡುವುದು ನಮ್ಮ ಕರುಳಿಗೆ ಹೋದ ಮೇಲೆ. ಹಾಗಾಗಿ ತೊಂದರೆ ಶುರುವಾಗುವುದು ತಡ, ಹೆಚ್ಚಾಗಿ 8ರಿಂದ 16 ತಾಸಿಗೆ. ಹೊಟ್ಟೆ ನುಲಿತ, ಭೇದಿ ಜೋರು, ವಾಂತಿ ಕಡಿಮೆ. ಇದನ್ನು ಮಾತ್ರ ಉಣ್ಣುವ ಮೊದಲು ಚೆನ್ನಾಗಿ ಕುದಿಸಿ ತಡೆಯಬಹುದು.

ಹಾಗಾಗಿ ಮದುವೆ ಊಟದ ಸುದ್ದಿ ಓದುವಾಗ ಗಡಿಯಾರ ನೋಡಿ. ಎರಡು ತಾಸಿಗೆ ವಾಂತಿ ಅಂದರೆ ಹೆಚ್ಚಾಗಿ ಅಡುಗೆಮನೆಯ ಕಥೆ, ಇಟ್ಟ ಊಟದ ಕಥೆ. ಆಗ ಬರೀ ಬಾವಿ ನೀರಿನ ಮಾದರಿ ತೆಗೆದುಕೊಂಡು ಹೋದರೆ ಏನೂ ಸಿಗುವುದಿಲ್ಲ. ಉಳಿದ ಅನ್ನ, ಸಿಹಿ, ಪಲ್ಲೆ ಎತ್ತಿಡಬೇಕು. ನಮ್ಮಲ್ಲಿ ಆಗುವುದು ಇದಕ್ಕೆ ಉಲ್ಟಾ. ಗಾಬರಿಯಲ್ಲಿ ಎಲ್ಲ ಊಟ ಚೆಲ್ಲಿ, ಪಾತ್ರೆ ತಿಕ್ಕಿ ಇಟ್ಟಿರುತ್ತಾರೆ.

ಹೊಟ್ಟೆಯೊಳಗೆ ತಯಾರಾಗುವ ವಿಷ

ಕಾಲರಾ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ ಗುರುತಿಸಿದ್ದು 1883-84ರಲ್ಲಿ, ಈಜಿಪ್ಟ್‌ನಲ್ಲಿ ಮತ್ತು ನಮ್ಮದೇ ಕೋಲ್ಕತ್ತದಲ್ಲಿ. ಅದು ಯಾವುದೋ ವಿಷ ಬಿಡುತ್ತಿರಬೇಕು ಎಂದು ಅವರಿಗೆ ಆಗಲೇ ಅನಿಸಿತ್ತು. ಆದರೆ ತೋರಿಸಿಕೊಡಲು ಮುಂದಿನ 75 ವರ್ಷ ಯಾರಿಗೂ ಆಗಲಿಲ್ಲ. 1959ರಲ್ಲಿ ಕೋಲ್ಕತ್ತದ ವೈದ್ಯ ಶಂಭುನಾಥ ಡೇ ಅದನ್ನು ತೋರಿಸಿದರು. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದಂತೆ ಮಾಡಿದರು. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ಕಟ್ಟಿ, ಆ ದ್ರವವನ್ನು ಒಳಗೆ ಬಿಟ್ಟರು. ಕರುಳಿನಲ್ಲಿ ನೀರು ತುಂಬಿಕೊಂಡಿತು. ರೋಗಾಣು ಇಲ್ಲದೆಯೂ ರೋಗ! ದೊಡ್ಡ ಯಂತ್ರಗಳಿಲ್ಲದೆ ಮಾಡಿದ ಈ ಪ್ರಯೋಗಕ್ಕೆ ಅವರು ಬದುಕಿರುವಾಗ ಸಿಕ್ಕ ಗೌರವ ಬಹಳ ಕಡಿಮೆ. ನಮ್ಮ ಶಾಲೆಗಳಲ್ಲಿ ಇವತ್ತಿಗೂ ಅವರ ಹೆಸರು ಕೇಳಿಬರುವುದಿಲ್ಲ ಎನ್ನುವುದು ಬೇಸರದ ಸಂಗತಿ.

ಆ ವಿಷ ಒಳಗೆ ಮಾಡುವುದೇನು? ಕಾಲರಾ ಟಾಕ್ಸಿನ್ ಆರು ತುಂಡುಗಳ ಜೋಡಣೆ. ಐದು ತುಂಡುಗಳು ಕರುಳಿನ ಜೀವಕೋಶದ ಮೇಲ್ಮೈಯನ್ನು ಗಟ್ಟಿಯಾಗಿ ಹಿಡಿಯುತ್ತವೆ. ಆರನೆಯದು ಒಳಗೆ ಹೋಗುತ್ತದೆ. ಜೀವಕೋಶದಲ್ಲಿ ಒಂದು ಸ್ವಿಚ್ಚು ಇದೆ. ಬೇಕಾದಾಗ ಆನ್ ಆಗಿ ತಾನೇ ಆಫ್ ಆಗುತ್ತದೆ. ವಿಷ ಅದನ್ನು ಆಫ್ ಆಗದಂತೆ ಮಾಡುತ್ತದೆ. ನಳ ಪೂರ್ತಿ ತಿರುವಿ, ಹಿಡಿಕೆಯನ್ನೇ ಮುರಿದು ಹಾಕಿದ ಹಾಗೆ. ಜೀವಕೋಶದಿಂದ ಉಪ್ಪಿನ ಅಂಶ ಕರುಳಿಗೆ ಸುರಿಯತೊಡಗುತ್ತದೆ. ಉಪ್ಪು ಹೋದ ಕಡೆ ನೀರು ಹೋಗುತ್ತದೆ. ಅಕ್ಕಿ ತೊಳೆದ ನೀರಿನಂಥ ಭೇದಿ ಶುರು. ಜೋರಾದ ಕಾಲರಾದಲ್ಲಿ ದೊಡ್ಡವರ ಮೈಯಿಂದ ತಾಸಿಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಹತ್ತು ಕೆ.ಜಿ. ತೂಕದ ಮಗುವಿನ ಮೈಯಿಂದ ಒಂದು ಲೀಟರ್ ಹೋದರೂ ಅದು ಪ್ರಾಣಕ್ಕೆ ಕುತ್ತು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಈ ವಿಷ ಕರುಳನ್ನು ಸುಡುವುದಿಲ್ಲ, ಕೊರೆಯುವುದಿಲ್ಲ. ಜೀವಕೋಶಗಳು ಜೀವಂತವಾಗಿಯೇ ಇರುತ್ತವೆ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ತಾನಾಗಿ ಹೊಸದಾಗುತ್ತದೆ. ಹಳೆಯ ಕೋಶಗಳ ಜೊತೆ ವಿಷವೂ ಉದುರಿ ಹೋಗುತ್ತದೆ. ಅಷ್ಟು ದಿನ ಮೈಯಲ್ಲಿ ನೀರು ಉಳಿಸಿಕೊಂಡರೆ ರೋಗಿ ಬದುಕುತ್ತಾರೆ. ಕಾಲರಾದಲ್ಲಿ ಪ್ರಾಣ ತೆಗೆಯುವುದು ಒಣಗುವಿಕೆ.

ವಿಷ ಮುಚ್ಚಲಾರದ ಬಾಗಿಲು

ನೀರು ಉಳಿಸಿಕೊಳ್ಳುವುದು ಹೇಗೆ? ಬರೀ ನೀರು ಕುಡಿದರೆ ಸಾಲದು. ಕರುಳಿನಲ್ಲಿ ಉಪ್ಪನ್ನೂ ಸಕ್ಕರೆಯ ಅಂಶವಾದ ಗ್ಲೂಕೋಸನ್ನೂ ಜೊತೆಯಾಗಿ ಒಳಗೆ ಕರೆದುಕೊಳ್ಳುವ ಇನ್ನೊಂದು ಬಾಗಿಲು ಇದೆ. ಕಾಲರಾ ವಿಷ ಆ ಬಾಗಿಲನ್ನು ಮುಟ್ಟುವುದಿಲ್ಲ. ಉಪ್ಪು-ಸಕ್ಕರೆ ಸರಿಯಾದ ಅಳತೆಯಲ್ಲಿ ಒಟ್ಟಿಗೆ ಬಂದರೆ ಅದು ತೆರೆಯುತ್ತದೆ, ನೀರೂ ಹಿಂದೆಯೇ ಬರುತ್ತದೆ. ಒಆರ್‌ಎಸ್ ಕೆಲಸ ಮಾಡುವುದು ಹೀಗೆ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗೆ ಇಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಅಳತೆ ಯಾಕೆ ಮುಖ್ಯ ಎಂಬುದೂ ಇದರಲ್ಲೇ ಇದೆ. ಸಕ್ಕರೆ ಜಾಸ್ತಿಯಾದರೆ ಅದು ಕರುಳಿನಲ್ಲೇ ಉಳಿದು ಮೈಯ ನೀರನ್ನು ಹೊರಕ್ಕೆ ಎಳೆಯುತ್ತದೆ. ಭೇದಿ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇವೆ. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯಗಳ ಡಬ್ಬಿ ಮೇಲೂ ‘ಒಆರ್‌ಎಸ್’ ಎಂಬ ಅಕ್ಷರ ಇರುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಇದನ್ನು ನಿಷೇಧಿಸಿತು. ಆದೇಶ ಬಂದಿದೆ ಎಂದು ಸುಮ್ನೆ ಇರಬೇಡಿ. ಪ್ಯಾಕೆಟ್ ತಿರುಗಿಸಿ ಓದಿ. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಸರಿಯಾದ ಪ್ಯಾಕೆಟ್ ಸಿಗುತ್ತದೆ. ಏನೂ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿಯೂ ನಡೆಯುತ್ತದೆ.

‘ಕಾಲರಾ ಅಲ್ಲ’ ಎಂದರೆ ಏನು ಅರ್ಥ?

ಈಗ ಆ ಸುದ್ದಿಗೆ ಬರೋಣ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇರುತ್ತದೆ. ಬಹುತೇಕ ನಿರಪಾಯಕಾರಿ. ಆದರೆ ಕೆಲವು ತಳಿಗಳು ವಿಷ ಬಿಡುತ್ತವೆ. ಅವುಗಳ ಒಂದು ವಿಷ ಕಾಲರಾ ಟಾಕ್ಸಿನ್‌ನ ಒಡಹುಟ್ಟಿದ ಹಾಗೆ. ಅದೇ ರಚನೆ, ಅದೇ ಸ್ವಿಚ್ಚು, ಅದೇ ನೀರು ಭೇದಿ. ಇನ್ನೊಂದು ಪುಟ್ಟ ವಿಷ ನಮ್ಮ ಕರುಳಿನದೇ ಹಾರ್ಮೋನನ್ನು ನಕಲು ಮಾಡಿ ಕೋಶವನ್ನು ಮೋಸಗೊಳಿಸುತ್ತದೆ. ಕೊನೆಗೆ ಆಗುವುದು ಮತ್ತೆ ನೀರು ಭೇದಿಯೇ.

ಮಾಮೂಲಿ ಪ್ರಯೋಗಾಲಯದಲ್ಲಿ ಮಲದ ಮಾದರಿ ಬೆಳೆಸಿದರೆ ಕಾಲರಾ ಬ್ಯಾಕ್ಟೀರಿಯಾವನ್ನು ಗುರುತಿಸಬಹುದು. ವಿಷ ಬಿಡುವ ಇ. ಕೋಲೈಯನ್ನು ಬಿಡದ ಇ. ಕೋಲೈಯಿಂದ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೆ ವಿಷದ ಜೀನ್ ಹುಡುಕುವ ಪಿಸಿಆರ್‌ನಂಥ ಪರೀಕ್ಷೆ ಬೇಕು. ಹಾಗಾಗಿ ‘ಕಾಲರಾ ಅಲ್ಲ’ ಎಂಬ ವರದಿಯ ಅರ್ಥ ಇಷ್ಟೇ: ಹುಡುಕಿದ್ದು ಸಿಗಲಿಲ್ಲ. ಕಾಲರಾದಂಥ ವಿಷ ಇರಲಿಲ್ಲ ಎಂದಲ್ಲ. ಮಾದರಿ ತೆಗೆಯುವ ಮೊದಲೇ ರೋಗಿ ಆ್ಯಂಟಿಬಯಾಟಿಕ್ ನುಂಗಿದ್ದರೆ ಕಾಲರಾ ಇದ್ದರೂ ಸಿಗದೇ ಹೋಗಬಹುದು.

ಅಧಿಕಾರಿಗಳ ಕಷ್ಟವೂ ಅರ್ಥವಾಗುವಂಥದ್ದೇ. ಕಾಲರಾ ಎಂಬ ಹೆಸರು ಕೇಳಿದರೆ ಜನ ಊರು ಬಿಡುತ್ತಾರೆ, ಸಂತೆ ನಿಲ್ಲುತ್ತದೆ. ಗಾಬರಿ ತಪ್ಪಿಸಬೇಕು ಎಂಬುದು ಅವರ ನಿಲುವು. ಆದರೆ ‘ಕಾಲರಾ ಅಲ್ಲ, ಸಾಮಾನ್ಯ ವಾಂತಿ-ಭೇದಿ’ ಎಂಬ ಸಮಾಧಾನದಿಂದ ಆಗುವ ಕೇಡು ದೊಡ್ಡದು. ಮನೆಯವರು ಇನ್ನೊಂದು ರಾತ್ರಿ ಕಾಯೋಣ ಎನ್ನುತ್ತಾರೆ. ಕಣ್ಣು ಒಳಗೆ ಹೋದ, ಮೂತ್ರ ನಿಂತ, ಜೋಮು ಹಿಡಿದಂತೆ ಮಲಗಿದ ಮಗುವಿಗೆ ಆ ಒಂದು ರಾತ್ರಿ ಬಹಳ ದುಬಾರಿ. ಚಿಕಿತ್ಸೆ ಮೊದಲಾಗಬೇಕಾದದ್ದು ಒಣಗಿದ ಮೈ ನೋಡಿ. ವರದಿ ಬರುವವರೆಗೆ ಕಾಯುವಂತಿಲ್ಲ.

ರಕ್ತ ಕಂಡರೆ ಲೆಕ್ಕ ಬೇರೆ

ಎಲ್ಲ ವಿಷಗಳೂ ಕಾಲರಾದಷ್ಟು ಸೌಮ್ಯವಾಗಿ ಕೋಶವನ್ನು ಬದುಕಲು ಬಿಡುವುದಿಲ್ಲ. ಶಿಗಾ ಟಾಕ್ಸಿನ್ ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಯಂತ್ರವನ್ನೇ ಕೆಡಿಸುತ್ತದೆ. ಕೋಶ ಸಾಯುತ್ತದೆ. ಭೇದಿಯಲ್ಲಿ ರಕ್ತ ಬರುತ್ತದೆ. ರಕ್ತಕ್ಕೆ ಸೇರಿದ ವಿಷ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲದು, ಅದರಲ್ಲೂ ಚಿಕ್ಕ ಮಕ್ಕಳಿಗೆ. ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ ಮತ್ತು ಕೆಲವು ಇ. ಕೋಲೈ ತಳಿಗಳು ಇದನ್ನು ಬಿಡುತ್ತವೆ. ಶಿಗೆಲ್ಲಾ ಹತ್ತರಿಂದ ನೂರು ಕಣ ಹೊಟ್ಟೆಗೆ ಹೋದರೂ ಸಾಕು, ರೋಗ ಬರುತ್ತದೆ. ಕಾಲರಾಕ್ಕೆ ಸಾಮಾನ್ಯವಾಗಿ ಲಕ್ಷಗಟ್ಟಲೆ ಬೇಕು. ಅದಕ್ಕೇ ಶಿಗೆಲ್ಲಾ ತೊಳೆಯದ ಕೈಯಿಂದಲೇ ಮನೆಯೆಲ್ಲ ಹರಡುತ್ತದೆ.

ಇಲ್ಲಿ ಮಾತ್ರೆಯ ಪ್ರಶ್ನೆ ಸೂಕ್ಷ್ಮ. ಶಿಗೆಲ್ಲಾಗೆ ಆ್ಯಂಟಿಬಯಾಟಿಕ್ ಬೇಕು. ಶಿಗಾ ವಿಷ ಬಿಡುವ ಇ. ಕೋಲೈಗೆ ಕೊಟ್ಟರೆ ಮೂತ್ರಪಿಂಡದ ಅಪಾಯ ಹೆಚ್ಚಬಹುದು. ಭೇದಿ ಕಟ್ಟುವ ಮಾತ್ರೆ ರಕ್ತಭೇದಿಯಲ್ಲಿ ವಿಷವನ್ನು ಒಳಗೇ ಹಿಡಿದಿಟ್ಟಂತೆ, ಮಕ್ಕಳಿಗಂತೂ ಕೊಡಲೇಬಾರದು. ಮೆಡಿಕಲ್ ಶಾಪಿನಲ್ಲಿ ‘ಜುಲಾಬಿಗೆ ಎರಡು ಗುಳಿಗೆ ಕೊಡಿ’ ಎಂದು ಕೇಳುವ ರೂಢಿ ನಮ್ಮಲ್ಲಿದೆ. ಯಾವ ವಿಷ ಎಂದು ಗೊತ್ತಿಲ್ಲದೆ ಆ ಗುಳಿಗೆ ನುಂಗಿದರೆ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗುವುದೇ ದಾರಿ.

ಹುಬ್ಬಳ್ಳಿ-ಧಾರವಾಡದ ನಳಗಳು ಹೇಳಿದ್ದು

ಇನ್ನು ನೀರಿನ ಜಗಳ. ಅವಳಿ ನಗರದಲ್ಲಿ 2007-08ರ ಹೊತ್ತಿಗೆ ಎಂಟು ವಾರ್ಡುಗಳಿಗೆ ದಿನದ 24 ತಾಸು ನೀರು ಬಂತು. ಉಳಿದ ಕಡೆ ಕೆಲವು ದಿನಗಳಿಗೊಮ್ಮೆ ನಳ ಬರುವ ಪದ್ಧತಿ ಮುಂದುವರಿಯಿತು. ಒಂದೇ ಊರು, ಎರಡು ರೀತಿಯ ನೀರು. ಸಂಶೋಧಕರಿಗೆ ಹೋಲಿಸಿ ನೋಡಲು ಇದು ಅಪರೂಪದ ಅವಕಾಶವಾಯಿತು.

ಅವರು ಕಂಡದ್ದು ಹೀಗಿದೆ. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲದ ಗುರುತಿನ ಬ್ಯಾಕ್ಟೀರಿಯಾ ಹೆಚ್ಚು ಸಲ ಸಿಕ್ಕಿತು. ಕಾರಣ ಕಷ್ಟದ್ದಲ್ಲ. ನೀರು ನಿಂತಾಗ ಪೈಪು ಖಾಲಿ. ಒಳಗೆ ಒತ್ತಡ ಇಲ್ಲ. ಪಕ್ಕದಲ್ಲೇ ಗಟಾರ. ಬಿರುಕು ಬಿಟ್ಟ ಜೋಡಣೆಯಿಂದ ಹೊರಗಿನ ಕೊಳೆ ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ನೀರು ಆ ಕೊಳೆಯನ್ನೆಲ್ಲ ಹೊತ್ತು ತರುತ್ತದೆ. ಜೊತೆಗೆ ಒತ್ತಡ ಕಡಿಮೆ ಇರುವ ಹೊತ್ತಿನ ನೀರೂ ಕೆಟ್ಟದ್ದು. ನಡುವೆ ಒಂದಷ್ಟು ಹೊತ್ತು ಬರುವ ನೀರು ಚೆನ್ನಾಗಿಯೇ ಇರಬಹುದು.

ಊರಿನವರೂ ಅಧಿಕಾರಿಗಳೂ ಇಬ್ಬರೂ ನಿಜ ಹೇಳುತ್ತಿರಬಹುದು ಎಂಬುದು ಇಲ್ಲಿ ಗೊತ್ತಾಗುತ್ತದೆ. ಕುಡಿಯುವ ನೀರಿನ 100 ಮಿ.ಲೀ.ನಲ್ಲಿ ಒಂದೂ ಇ. ಕೋಲೈ ಇರಬಾರದು ಎಂಬುದು ನಿಯಮ. ಸುದ್ದಿಯಾದ ಮೇಲೆ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದ ಮೇಲೆ ತೆಗೆದ ಮಾದರಿ ಇದನ್ನು ಸುಲಭವಾಗಿ ಪಾಸು ಮಾಡುತ್ತದೆ. ಮೂರು ದಿನದ ಹಿಂದೆ ಸಾಲಿನ ಕೊನೆಯ ಮನೆಗೆ ಬಂದ ಮೊದಲ ಎರಡು ಕೊಡ ನೀರು ಹೇಗಿತ್ತು ಎಂಬುದನ್ನು ಅದು ಹೇಳಲಾರದು.

2015ರಲ್ಲಿ ಇದೇ ಅವಳಿ ನಗರದ ಸುಮಾರು 4 ಸಾವಿರ ಮನೆಗಳ ಅಧ್ಯಯನವೊಂದು ಪ್ರಕಟವಾಯಿತು. ಅದರ ಫಲಿತಾಂಶ ಎರಡೂ ಕಡೆಯವರನ್ನು ಯೋಚನೆಗೆ ಹಚ್ಚುವಂಥದ್ದು. 24 ತಾಸು ನೀರು ಬಂದ ಕಡೆ ಐದು ವರ್ಷದೊಳಗಿನ ಮಕ್ಕಳ ಒಟ್ಟು ಭೇದಿ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಆದರೆ ಬಡವರ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಾಗಿತ್ತು. ಟೈಫಾಯಿಡ್ ಕಂಡ ಮನೆಗಳೂ ಕಡಿಮೆ. ನೀರಿನ ಯೋಜನೆ ವ್ಯರ್ಥ ಎನ್ನುವವರು ಮೊದಲ ಸಾಲು ಓದುತ್ತಾರೆ, ನೀರು ಬಂದರೆ ಎಲ್ಲ ಸರಿ ಎನ್ನುವವರು ಎರಡನೆಯದನ್ನು. ಎರಡನ್ನೂ ಸೇರಿಸಿ ಓದಬೇಕು. ಭೇದಿ ಒಂದೇ ರೋಗ ಅಲ್ಲ. ನೀರು ಬಿಟ್ಟು ಕೈ, ಊಟ, ನೊಣಗಳ ದಾರಿಯಲ್ಲೂ ಅದು ಬರುತ್ತದೆ. ಆ ದಾರಿಗಳು ಪೈಪು ಬದಲಿಸಿದರೆ ಮುಚ್ಚುವುದಿಲ್ಲ. ಆದರೆ ಹೆಚ್ಚು ಹಾನಿ ಮಾಡುವ ಕೆಲವು ರೋಗಗಳು, ಅದೂ ಬಡವರ ಮನೆಯಲ್ಲಿ, ಕಡಿಮೆಯಾಗಿದ್ದು ಸಣ್ಣ ಮಾತಲ್ಲ.

ಮುಂದೆ ಏನಾಗಬೇಕು

ಗದಗ-ಬೆಟಗೇರಿಯಲ್ಲಿ ನೀರಿಗಾಗಿ ದಿನಗಟ್ಟಲೆ ಕಾಯುವ ಓಣಿಗಳಿವೆ. ಅಂತರ ಹೆಚ್ಚಾದಷ್ಟೂ ಪೈಪು ಖಾಲಿ ಇರುವ ಹೊತ್ತು ಹೆಚ್ಚು. ಮನೆಯಲ್ಲಿ ಡ್ರಮ್ಮಿನಲ್ಲಿ ತುಂಬಿಡುವ ನೀರೂ ಹೆಚ್ಚು. ಆ ನೀರಿಗೆ ಅದ್ದುವ ಕೈಯೂ ಹೆಚ್ಚು. ನಳದಲ್ಲಿ ಶುದ್ಧವಾಗಿ ಬಂದ ನೀರೂ ಡ್ರಮ್ಮಿನಲ್ಲಿ ಕೆಡಬಹುದು. ಹೀಗೆ ತುಂಬಿಟ್ಟ ನೀರಿಗೆ ಕುದಿಸುವುದು ನಿಜವಾದ ಕಾವಲು, ಯಾಕಂದರೆ ನೀರಿನಿಂದ ಬರುವುದು ಹೆಚ್ಚಾಗಿ ಹೊಟ್ಟೆಯೊಳಗೆ ವಿಷ ತಯಾರಿಸುವ ಬಗೆ. ಬ್ಯಾಕ್ಟೀರಿಯಾ ಸತ್ತರೆ ವಿಷ ಹುಟ್ಟುವುದೇ ಇಲ್ಲ. ಇಟ್ಟ ಊಟಕ್ಕೆ ಮಾತ್ರ ಈ ಕಾವಲು ಸಾಲದು. ಅಲ್ಲಿ ನೆಚ್ಚಬೇಕಾದದ್ದು ಹೊತ್ತನ್ನು. ಬಡಿಸುವವರೆಗೆ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲವೇ ಎರಡು ತಾಸಿನೊಳಗೆ ಆರಿಸಿ ಫ್ರಿಜ್ಜಿಗೆ ಸೇರಬೇಕು.

ಪಂಚಾಯಿತಿ, ನಗರಸಭೆಗಳ ಮಟ್ಟದಲ್ಲಿ ಆಗಬೇಕಾದದ್ದಕ್ಕೆ ದೊಡ್ಡ ಖರ್ಚೂ ಬೇಡ. ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅಳೆಯುವ ಕಿಟ್ಟು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ನಿಮಿಷದಲ್ಲಿ ಉತ್ತರ ಸಿಗುತ್ತದೆ. ವಾಂತಿ-ಭೇದಿಯ ಮೊದಲ ಕರೆ ಬಂದಾಗ ಒಬ್ಬರು ಆಸ್ಪತ್ರೆಗೆ ಹೋಗಿ ಮೊದಲ ಗುಳಿಗೆ ಕೊಡುವ ಮೊದಲೇ ಮಲದ ಮಾದರಿ ತೆಗೆಯಬೇಕು. ಇನ್ನೊಬ್ಬರು ಓಣಿಗೆ ಹೋಗಿ ಮುಂದಿನ ಸಲ ನಳ ಬರುವ ಹೊತ್ತಿಗೆ ಸಾಲಿನ ಕೊನೆಯ ಮನೆಯ ಮುಂದೆ ನಿಂತಿರಬೇಕು. ಬ್ಲೀಚಿಂಗ್ ಪೌಡರ್ ಟ್ಯಾಂಕಿಗೆ ಬೀಳುವ ಮೊದಲು, ಮೊದಲ ಕೊಡ ತುಂಬುವಾಗಲೇ, ಬಾಟಲಿ ಹಿಡಿಯಬೇಕು.